ಹಗೇವಿನ ಆಳ: 1876–78ರ ಬರಗಾಲ ಮತ್ತು ಸಾಮಾನ್ಯ ಕುಟುಂಬಗಳ ಸಿದ್ಧತೆ

1

ಬರಗಾಲಗಳನ್ನು ಕುರಿತ ನಮ್ಮ ಚರಿತ್ರೆಯ ಬರವಣಿಗೆ ಬಹುಮಟ್ಟಿಗೆ ಸರ್ಕಾರಿ ಕಡತಗಳನ್ನು ಆಧರಿಸಿದುದು. ಮಳೆಯ ಪ್ರಮಾಣ, ಧಾನ್ಯದ ಧಾರಣೆ, ತೆರೆದ ಗಂಜಿ ಕೇಂದ್ರಗಳು, ಪರಿಹಾರ ಕಾಮಗಾರಿಗಳಲ್ಲಿ ದುಡಿದವರ ಸಂಖ್ಯೆ, ಸತ್ತವರ ಲೆಕ್ಕ - ಇವುಗಳ ಸುತ್ತಲೇ ಚರ್ಚೆ ನಡೆಯುತ್ತದೆ. ಸರ್ಕಾರದ ನೆರವು ತಲುಪುವುದಕ್ಕೆ ಮೊದಲು ಒಂದು ಸಾಮಾನ್ಯ ಕುಟುಂಬ ಎಷ್ಟು ಕಾಲ ತನ್ನನ್ನು ತಾನು ಉಳಿಸಿಕೊಳ್ಳಬಲ್ಲದಾಗಿತ್ತು, ಆ ಶಕ್ತಿ ಅದಕ್ಕೆ ಎಲ್ಲಿಂದ ಬರುತ್ತಿತ್ತು, ಅದು ಯಾವ ಹಂತದಲ್ಲಿ ಸಾಲದೆ ಹೋಯಿತು ಎಂಬ ಪ್ರಶ್ನೆಗಳು ಹಿಂದೆ ಸರಿದಿವೆ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಹಿಂದಿನವರು ಕೂಡಿಟ್ಟು ಬಾಳುತ್ತಿದ್ದರು, ಆದ್ದರಿಂದ ಆಪತ್ತಿಗೆ ಸದಾ ಸಿದ್ಧರಾಗಿದ್ದರು ಎಂಬುದು ಒಂದು. ರೈತರು ಮದುವೆ ಮುಂಜಿಗಳಲ್ಲಿ ದುಂದು ಮಾಡಿ ಮುಂದಿನ ದಿನಗಳಿಗೆ ಏನನ್ನೂ ಉಳಿಸಿಕೊಳ್ಳದವರು ಎಂಬುದು ಇನ್ನೊಂದು. ಇದು ಹತ್ತೊಂಬತ್ತನೆಯ ಶತಮಾನದ ಆಂಗ್ಲ ಅಧಿಕಾರಿಗಳಲ್ಲಿ ಹಲವರು ತಳೆದ ನಿಲುವು. ಮೇಲುನೋಟಕ್ಕೆ ವಿರುದ್ಧವಾಗಿ ಕಾಣುವ ಈ ಎರಡೂ ಅಭಿಪ್ರಾಯಗಳು ಒಂದೇ ಗ್ರಹಿಕೆಯಿಂದ ಹೊರಟಿವೆ. ಸಿದ್ಧತೆಯೆಂಬುದು ಆಯಾ ಮನೆಯ ಗುಣ, ಅದರ ಯಜಮಾನನ ವಿವೇಕಕ್ಕೆ ಸೇರಿದ್ದು ಎಂಬುದೇ ಆ ಗ್ರಹಿಕೆ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದೆರಗಿದ 1876–78ರ ಬರಗಾಲವನ್ನು ಮುಂದಿಟ್ಟುಕೊಂಡು, ಹಗೇವು ಎಂಬ ನೆಲಗಣಜದ ಮೂಲಕ ಈ ಗ್ರಹಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಪ್ರಾಚೀನ ಕನ್ನಡ ಸಾಹಿತ್ಯಕ್ಕೆ ಬರಗಾಲ ಅಪರಿಚಿತವಾದುದಲ್ಲ. ಶ್ರವಣಬೆಳಗೊಳದ ಅತ್ಯಂತ ಹಳೆಯ ಶಾಸನ ಹನ್ನೆರಡು ವರ್ಷಗಳ ವೈಷಮ್ಯ ಕಾಲವನ್ನೂ ಮುನಿಸಂಘ ಉಜ್ಜಯಿನಿಯಿಂದ ದಕ್ಷಿಣಾಪಥಕ್ಕೆ ಬಂದುದನ್ನೂ ಹೇಳುತ್ತದೆ. 'ವಡ್ಡಾರಾಧನೆ'ಯ ಭದ್ರಬಾಹು ಭಟಾರರ ಕಥೆಯಲ್ಲಿ ಇದೇ ಪ್ರಸಂಗ ವಿಸ್ತಾರಗೊಂಡಿದೆ. ಇಲ್ಲಿ ಆಪತ್ತಿನ ಮುನ್ನರಿವು ಇರುವುದು ಮುನಿಗೆ. ಅದಕ್ಕೆ ಪರಿಹಾರ, ನಾಡನ್ನು ಬಿಟ್ಟು ನಡೆಯುವುದು. ಹೊಲ, ಮನೆ, ದನಕರುಗಳನ್ನು ಕಟ್ಟಿಕೊಂಡು ಉಳಿದ ಗೃಹಸ್ಥರು ಆ ಹನ್ನೆರಡು ವರ್ಷಗಳನ್ನು ಹೇಗೆ ಕಳೆದರು ಎಂಬುದು ಕಥೆಯ ಕೇಂದ್ರಕ್ಕೆ ಬರುವುದಿಲ್ಲ.

ಹನ್ನೆರಡನೆಯ ಶತಮಾನದ ಶರಣರ ಸಂದರ್ಭದಲ್ಲಿ ಪ್ರಶ್ನೆ ಮನೆಯೊಳಕ್ಕೆ ಬರುತ್ತದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದುದೂ, ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದುದೂ ಪ್ರಸಿದ್ಧವಾದ ಸಂಗತಿ. ಇದನ್ನು ಅಪರಿಗ್ರಹದ ಆದರ್ಶವೆಂದು ನಾವು ಓದುತ್ತ ಬಂದಿದ್ದೇವೆ. ಆ ಓದು ಸರಿಯಾದುದೇ. ಆದರೆ ಗೃಹಕೃತ್ಯದ ದೃಷ್ಟಿಯಿಂದ ನೋಡಿದಾಗ ಇಲ್ಲಿ ಇನ್ನೊಂದು ಅಂಶವಿದೆ. ನಾಳೆಯೂ ಆ ಅಂಗಳದಲ್ಲಿ ಅಕ್ಕಿ ಇರುತ್ತದೆ ಎಂಬ ಭರವಸೆ ಇರುವವರೆಗೆ ಮಾತ್ರ ಇಂದಿನ ಹೆಚ್ಚುವರಿಯನ್ನು ಹಿಂದಿರುಗಿಸಿ ಒಂದು ಮನೆ ನಡೆಯಬಲ್ಲದು. ತನ್ನದೆಂಬ ಕಣಜವಿಲ್ಲದ ಕಾಯಕದ ಕುಟುಂಬಕ್ಕೆ ಸಮುದಾಯದ ಅಂಗಳವೇ ಕಣಜವಾಗಿತ್ತು. ಮುಂದೆ ಏಳು ನೂರು ವರ್ಷಗಳ ಅನಂತರದ ಹಳ್ಳಿಯನ್ನು ನೋಡುವಾಗ ಈ ಅಂಶವನ್ನು ನೆನಪಿನಲ್ಲಿಡುವುದು ಅವಶ್ಯಕ.

3

ಹಗೇವು ಎಂದರೆ ಧಾನ್ಯವನ್ನು ಕೂಡಿಡಲು ನೆಲದಲ್ಲಿ ತೋಡಿದ ಗುಂಡಿ. ಮರಾಠಿಯಲ್ಲಿ ಇದಕ್ಕೆ ಪೇವ ಎಂದೂ ತೆಲುಗಿನಲ್ಲಿ ಪಾತರ ಎಂದೂ ಹೆಸರುಂಟು. ದಖ್ಖನಿನ ಒಣಭೂಮಿಯುದ್ದಕ್ಕೂ ಭಾಷೆಯ ಗಡಿಗಳನ್ನು ಮೀರಿ ಹರಡಿದ್ದ ವ್ಯವಸ್ಥೆ ಇದು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಇದನ್ನು ಉಲ್ಲೇಖಿಸಿದ್ದಾನೆ.

ಗಟ್ಟಿಯಾದ, ನೀರು ಜಿನುಗದ ನೆಲವನ್ನು ಆರಿಸಿ, ಬಾಯಿ ಕಿರಿದಾಗಿಯೂ ಒಡಲು ಅಗಲವಾಗಿಯೂ ಇರುವಂತೆ ತೋಡುತ್ತಿದ್ದರು. ಒಳಗೆ ಹುಲ್ಲು ಉರಿಸಿ ತೇವವನ್ನು ಆರಿಸಿ, ತಳಕ್ಕೂ ಪಕ್ಕಗಳಿಗೂ ಒಣಹುಲ್ಲು ಒತ್ತಿ, ಧಾನ್ಯ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಗುಂಡಿಯಲ್ಲಿ ಧಾನ್ಯದ ಉಸಿರಾಟದಿಂದಲೇ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುವುದರಿಂದ ಹುಳುಗಳು ಬದುಕುವುದಿಲ್ಲ. ತೆರೆದ ಕೂಡಲೇ ಇಳಿದ ಮನುಷ್ಯನೂ ಬದುಕುವುದಿಲ್ಲ. ಬಾಯಿ ತೆಗೆದು ಸಾಕಷ್ಟು ಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕೆಂಬ ಎಚ್ಚರಿಕೆ ಇದರಿಂದ ಹುಟ್ಟಿದುದು.

ಜೋಳ ಕೆಲಕಾಲಕ್ಕೆ ಮುಗ್ಗಲು ವಾಸನೆ ಹಿಡಿಯುತ್ತದೆ; ರಾಗಿ ಹಾಗಲ್ಲ. ಸಣ್ಣ ಕಾಳು, ಗಟ್ಟಿ ಸಿಪ್ಪೆಯ ಕಾರಣದಿಂದ ಅದು ಹಲವು ವರ್ಷ ಕೆಡದೆ ಉಳಿಯುತ್ತದೆ. ಮೈಸೂರು ಬಯಲುಸೀಮೆಯ ಬರಸಿದ್ಧತೆಗೆ ರಾಗಿಯ ಈ ಗುಣವೇ ಅಡಿಪಾಯವಾಗಿತ್ತು. ಗಮನಿಸಬೇಕಾದ ಮತ್ತೊಂದು ಸಂಗತಿಯೆಂದರೆ, ಹಲವು ಊರುಗಳಲ್ಲಿ ಹಗೇವುಗಳು ಮನೆಯೊಳಗಿರದೆ ಊರಬಾಗಿಲ ಬಳಿಯ ದಿಬ್ಬದಲ್ಲಿ ಒಟ್ಟಾಗಿ ಇರುತ್ತಿದ್ದವು. ಧಾನ್ಯ ಒಬ್ಬನದು, ಕಾವಲು ಊರಿನದು.

4

ಇಂಥ ಸಿದ್ಧತೆ ಯಾವ ಕುಟುಂಬಕ್ಕೆ ಸಾಧ್ಯವಿತ್ತು? ಒಂದು ಸರಳ ಲೆಕ್ಕವನ್ನು ನೋಡಬಹುದು. ಐದು ಜನರ ಕುಟುಂಬಕ್ಕೆ ದಿನಕ್ಕೆ ಎರಡೂವರೆ ಕಿಲೋಗ್ರಾಂ ಧಾನ್ಯ ಬೇಕೆಂದು ಹಿಡಿದರೆ ವರ್ಷಕ್ಕೆ ಸುಮಾರು 9 ಕ್ವಿಂಟಾಲ್ ಆಗುತ್ತದೆ. ಎರಡು ಬೆಳೆಗಳು ಹೋದರೆ ತಡೆದುಕೊಳ್ಳಲು 18 ಕ್ವಿಂಟಾಲ್ ಬೇಕು. ಬಿತ್ತನೆ ಬೀಜ, ಕಂದಾಯ, ಸಾಲದ ಬಡ್ಡಿ, ಆಯಗಾರರ ಪಾಲು ಇವೆಲ್ಲ ಕಳೆದ ಮೇಲೆ ಇಷ್ಟು ಉಳಿಸಿಕೊಳ್ಳಬಲ್ಲ ಮನೆಗಳು ಪ್ರತಿ ಊರಿನಲ್ಲೂ ಕೆಲವೇ ಆಗಿದ್ದವು. ಸಣ್ಣ ಹಿಡುವಳಿದಾರನ ಮನೆಯಲ್ಲಿ ಇದ್ದುದು ಮಣ್ಣಿನ ವಾಡೆಗಳು, ಗುಡಾಣಗಳು; ಅವುಗಳ ಧಾನ್ಯ ಮುಂದಿನ ಸುಗ್ಗಿಯವರೆಗೆ ಸಾಗಿದರೆ ಹೆಚ್ಚು. ಕೂಲಿಯವನ ಮನೆಯಲ್ಲಿ ಅದೂ ಇರಲಿಲ್ಲ.

ಹಾಗಾದರೆ ಉಳಿದವರು ಸಾಧಾರಣ ಬರಗಳನ್ನು ದಾಟಿದುದು ಹೇಗೆ? ಕಣದಲ್ಲಿ ಆಯಗಾರರಿಗೆ ಸಲ್ಲುತ್ತಿದ್ದ ಧಾನ್ಯ, ಆಳುಗಳಿಗೆ ಕಾಳಿನಲ್ಲೇ ಕೊಡುತ್ತಿದ್ದ ಕೂಲಿ, ಮುಂದಿನ ಸುಗ್ಗಿಯ ಮೇಲೆ ತಂದ ಕಡ - ಈ ದಾರಿಗಳಿಂದ ಒಂದು ಹಗೇವು ಹಲವು ಮನೆಗಳ ಒಲೆಗೆ ಮುಟ್ಟುತ್ತಿತ್ತು. ಇದನ್ನು ಔದಾರ್ಯವೆಂದು ಬಣ್ಣಿಸುವುದು ತಪ್ಪಾಗುತ್ತದೆ. ಇದರಲ್ಲಿ ಜಾತಿಯ ಮೇಲುಕೀಳು ಇತ್ತು, ಜೀತದ ಕಟ್ಟು ಇತ್ತು. ಕೊಟ್ಟ ಕಾಳಿಗೆ ಹೆಚ್ಚುವರಿ ಅಳತೆ ಇತ್ತು. ಆದರೂ ಬಡ ಕುಟುಂಬದ ಸಿದ್ಧತೆ ಅದರ ಸ್ವಂತ ಮನೆಯಲ್ಲಿರದೆ ಇನ್ನೊಬ್ಬರ ಹಗೇವಿನ ಆಳದಲ್ಲಿ ಇತ್ತು ಎಂಬುದು ಸ್ಪಷ್ಟ. ಆ ಸಂಬಂಧ ಸಡಿಲಗೊಂಡರೆ ಊರಿನಲ್ಲಿ ಧಾನ್ಯವಿದ್ದೂ ಅಂಥ ಮನೆ ಬರಿದಾಗುತ್ತಿತ್ತು.

5

1876ಕ್ಕೆ ಹಿಂದಿನ ಕೆಲವು ದಶಕಗಳಲ್ಲಿ ನಡೆದುದು ಇದೇ. ಕಂದಾಯ ನಗದಿನಲ್ಲಿ ನಿಗದಿಯಾಗಿ, ಸುಗ್ಗಿಯಾದೊಡನೆ ಧಾನ್ಯ ಮಾರುವುದು ಅನಿವಾರ್ಯವಾಯಿತು. 1861–65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ ಧಾರವಾಡ ಸೀಮೆಯಲ್ಲಿ ಹತ್ತಿಯ ಬೆಳೆ ಹಬ್ಬಿತು; ಯುದ್ಧ ಮುಗಿದೊಡನೆ ಬೆಲೆ ಕುಸಿದು ಸಾಲ ಉಳಿಯಿತು. 1864ರಲ್ಲಿ ಬೆಂಗಳೂರಿಗೆ ಮದರಾಸಿನಿಂದ ರೈಲು ಬಂದಿತು. ರೈಲು ಹೊರಗಿನ ಧಾನ್ಯವನ್ನು ತರಬಲ್ಲದಾಗಿದ್ದಂತೆ ಒಳಗಿನ ಧಾನ್ಯವನ್ನು ಒಯ್ಯಬಲ್ಲದೂ ಆಗಿತ್ತು. ಮನೆಯವರ ಮುಂದಿನ ವರ್ಷಕ್ಕಾಗಿ ತುಂಬಿಡುತ್ತಿದ್ದ ಹಗೇವು, ದೂರದ ಪೇಟೆಯ ಧಾರಣೆ ಏರುವುದನ್ನು ಕಾಯುವ ವರ್ತಕನ ಸರಕಾಗತೊಡಗಿತು. ಹಗೇವುಗಳು ಇಲ್ಲವಾದವು ಎಂದು ಇದರ ಅರ್ಥವಲ್ಲ. ಅವುಗಳ ಬಾಯಿ ತೆರೆಯುವ ಕಾರಣ ಬೇರೆಯಾಯಿತು.

6

1875ರಲ್ಲಿಯೇ ಮೈಸೂರು ಸೀಮೆಯ ಹಲವೆಡೆ ಮಳೆ ಕೊರೆಯಾಗಿತ್ತು. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. 1877ರ ಮುಂಗಾರೂ ಹೊತ್ತಿಗೆ ಬಾರದೆ, ಸೆಪ್ಟೆಂಬರಿನಲ್ಲಿ ಮಳೆ ಕಂಡಿತು. ಅಂದರೆ ಒಂದು ವರ್ಷಕ್ಕೆಂದು ಕೂಡಿಟ್ಟ ಮನೆಗಳೂ ಎರಡನೆಯ ವರ್ಷಕ್ಕೆ ಬರಿಗೈಯಾದವು.

ಕುಟುಂಬಗಳು ತಮ್ಮಲ್ಲಿದ್ದುದನ್ನು ಒಂದೊಂದಾಗಿ ಬಿಟ್ಟುಕೊಟ್ಟುದರಲ್ಲಿ ಒಂದು ಕ್ರಮವಿತ್ತು. ಮೊದಲು ಊಟದ ಹೊತ್ತುಗಳು ಕಡಿಮೆಯಾದವು. ಬಳಿಕ ಬೆಳ್ಳಿಯ ಒಡವೆಗಳು ಹೋದವು. ಈ ವರ್ಷಗಳಲ್ಲಿ ಮುಂಬಯಿಯ ಟಂಕಸಾಲೆಗೆ ಕರಗಿಸಲು ಬಂದ ಒಡವೆಗಳ ಪ್ರಮಾಣ ವಿಪರೀತ ಏರಿತು. ಅನಂತರ ತಾಮ್ರ, ಹಿತ್ತಾಳೆಯ ಪಾತ್ರೆಗಳು. ಆ ಮೇಲೆ ದನಗಳು. ಎಲ್ಲರೂ ಮಾರಲು ನಿಂತಾಗ ಕೊಳ್ಳುವವರಿಲ್ಲದೆ ಅವುಗಳ ಬೆಲೆ ಬಿದ್ದುಹೋಯಿತು. ಕೊನೆಯದು ಬಿತ್ತನೆ ಬೀಜ. ಅದನ್ನು ತಿಂದ ಮನೆ ಮಳೆ ಬಂದರೂ ಬಿತ್ತಲಾರದಾಗಿತ್ತು. ಮೊದಲು ಸತ್ತವರು ಈ ಮೆಟ್ಟಿಲುಗಳೇ ಇಲ್ಲದವರು: ಭೂಮಿಯಿಲ್ಲದ ಕೂಲಿಗಳು, ಹಳ್ಳಿಯ ಕಸುಬಿನವರು ಮತ್ತು ಬಟ್ಟೆ ಕೊಳ್ಳುವವರಿಲ್ಲದೆ ಮಗ್ಗ ನಿಂತುಹೋದ ನೇಕಾರರು. ಧಾನ್ಯದ ಅಭಾವಕ್ಕಿಂತ ಧಾನ್ಯವನ್ನು ಪಡೆಯುವ ಹಕ್ಕಿನ ಅಭಾವವೇ ಕ್ಷಾಮಗಳಲ್ಲಿ ಮುಖ್ಯವೆಂದು ಅಮರ್ತ್ಯ ಸೇನ್ 1981ರಲ್ಲಿ ಮಂಡಿಸಿದ ವಿಚಾರಕ್ಕೆ ಇದು ಹೊಂದುತ್ತದೆ.

ಸರ್ಕಾರದ ನೆರವಿನ ಸ್ವರೂಪವೂ ಮನೆಗಳನ್ನು ಉಳಿಸುವಂಥದಾಗಿರಲಿಲ್ಲ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ದಿನಗೂಲಿಯನ್ನು ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಅಲ್ಪ ಹಣಕ್ಕೆ ಇಳಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಪ್ರತಿಭಟಿಸಿದನು. ಮುಂಬಯಿ ಪ್ರಾಂತದಲ್ಲಿ ಕೂಲಿಗಾರರು ಕಾಮಗಾರಿ ಬಿಟ್ಟು ಹೊರಟಾಗ ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಮೇಲಾಗಿ, ನಿಜವಾಗಿ ಹಸಿದವರು ಮಾತ್ರ ಬರಲೆಂದು ಕಾಮಗಾರಿಗಳನ್ನು ಹಳ್ಳಿಗಳಿಂದ ದೂರದಲ್ಲಿರಿಸಿ, ಅಲ್ಲಿಯೇ ಇರಬೇಕೆಂಬ ಕಟ್ಟಳೆ ಮಾಡಿದ್ದುಂಟು. ನೆರವು ಪಡೆಯಬೇಕಾದರೆ ಮನೆಯನ್ನು ಬಿಡಬೇಕಾಗಿತ್ತು. ಮುದುಕರು, ಬಾಣಂತಿಯರು, ಉಳಿದ ಒಂದೆರಡು ದನಗಳು - ಇವರ ಹೊಣೆ ಹೊತ್ತ ಕುಟುಂಬ ಹೊರಡಲಾರದೆ ತಡೆಯಿತು. ಹೊರಟಾಗ ದುಡಿಯುವ ಶಕ್ತಿ ಉಳಿದಿರಲಿಲ್ಲ.

ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.55 ಲಕ್ಷವಿದ್ದುದು 1881ರಲ್ಲಿ 41.86 ಲಕ್ಷಕ್ಕೆ ಇಳಿಯಿತು. ಮುಂದೆ ಬಿಜಾಪುರವೆಂದು ಹೆಸರಾದ ಕಲಾದಗಿ ಜಿಲ್ಲೆಯಲ್ಲಿ 1872ರಲ್ಲಿ ಸುಮಾರು 8.16 ಲಕ್ಷವಿದ್ದುದು 1881ಕ್ಕೆ 6.38 ಲಕ್ಷವಾಯಿತು. ಇದರಲ್ಲಿ ವಲಸೆ ಹೋದವರೂ ಸೇರಿದ್ದಾರೆ, ನಿಜ. ಆದರೆ ಇವು ಐದರಲ್ಲಿ ಒಂದು ಪಾಲಿನ ಆಸುಪಾಸಿನ ಇಳಿಕೆಗಳು. ಧಾತು, ಈಶ್ವರಗಳು ಕಳೆದು ಬಂದ ಸಂವತ್ಸರದ ಹೆಸರು ಬಹುಧಾನ್ಯ.

7

1880ರ ಕ್ಷಾಮ ಆಯೋಗದ ವರದಿ ಮತ್ತು ಅದನ್ನು ಅನುಸರಿಸಿ ಬಂದ ಕ್ಷಾಮ ಸಂಹಿತೆಗಳೊಡನೆ, ಸಾಮಾನ್ಯ ಕುಟುಂಬದ ಆಪತ್ಕಾಲದ ಧಾನ್ಯ ಕ್ರಮೇಣ ಪ್ರಭುತ್ವದ ಹೊಣೆಯಾಯಿತು. ಸ್ವಾತಂತ್ರ್ಯಾನಂತರದ ಪಡಿತರ ವ್ಯವಸ್ಥೆ ಆ ದಾರಿಯಲ್ಲಿಯೇ ಮುಂದುವರಿದು, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಅದನ್ನು ಹಕ್ಕಾಗಿಸಿತು. ಇದು ಸಣ್ಣ ಸಾಧನೆಯಲ್ಲ. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋಗ್ರಾಂ ಎಂದರೆ ಐವರ ಮನೆಗೆ 25 ಕಿಲೋಗ್ರಾಂ; ಮೇಲಿನ ಲೆಕ್ಕದಲ್ಲಿ ಬೇಕಾಗುವ 75 ಕಿಲೋಗ್ರಾಂನ ಮೂರನೆಯ ಒಂದು ಭಾಗ. ಅದೂ ತಿಂಗಳಿಂದ ತಿಂಗಳಿಗೆ ಬರುವಂಥದು. ಇಂದು ಬಹುಪಾಲು ಮನೆಗಳ ಹಗೇವು ಮನೆಯಿಂದ ದೂರದ ಸರ್ಕಾರಿ ಉಗ್ರಾಣದಲ್ಲಿದೆ. ಅದರ ಬಾಯಿ ತೆರೆಯುವುದು ಚೀಟಿಯಿಂದ.

2020ರ ಮಾರ್ಚ್ 25ರಿಂದ ದೇಶ ಮುಚ್ಚಿಕೊಂಡಾಗ ಈ ವ್ಯವಸ್ಥೆಯ ಬಲ, ದೌರ್ಬಲ್ಯಗಳೆರಡೂ ಕಂಡವು. ಉಗ್ರಾಣಗಳಲ್ಲಿ ಧಾನ್ಯವಿತ್ತು, ಹಂಚಿಕೆಯೂ ನಡೆಯಿತು. ಊರಿನಲ್ಲಿದ್ದ ಕುಟುಂಬಗಳಿಗೆ ಅದು ಆಸರೆಯಾಯಿತು. ಆದರೆ ಉತ್ತರ ಕರ್ನಾಟಕದಿಂದ ಮುಂಬಯಿ, ಪುಣೆ, ಗೋವೆಗಳ ಕಟ್ಟಡ ಕೆಲಸಕ್ಕೆ ಹೋಗಿದ್ದ ಅನೇಕರ ಚೀಟಿ ಊರಿನಲ್ಲಿತ್ತು, ಹಸಿವು ನಗರದಲ್ಲಿತ್ತು. 1877ರಲ್ಲಿ ನೆರವಿಗಾಗಿ ಮನೆ ಬಿಟ್ಟು ನಡೆದವರ ಮೊಮ್ಮಕ್ಕಳ ಮಕ್ಕಳು ಈ ಬಾರಿ ನೆರವಿಗಾಗಿ ಮನೆಯ ಕಡೆಗೆ ನಡೆದರು. ಕೂಡಿಡುವ ವಿವೇಕದ ಪ್ರಶ್ನೆ ಎರಡೂ ಸಲ ಗೌಣವಾಗಿತ್ತು. ಧಾನ್ಯವಿರುವ ಎಡೆಗೂ ಮನುಷ್ಯನಿರುವ ಎಡೆಗೂ ಇರುವ ಸಂಬಂಧವೇ ಅವರ ಸಿದ್ಧತೆಯನ್ನು ನಿರ್ಧರಿಸಿತು.

ಈ ಅಧ್ಯಯನ ಮುಂದುವರಿಯಬೇಕಾದರೆ ಕಡತಗಳಷ್ಟೇ ಸಾಲವು. ಹಗೇವು, ಪೇವ, ಪಾತರಗಳ ಸುತ್ತಲಿನ ಶಬ್ದಗಳು - ಅಳತೆಯ ಹೆಸರುಗಳು, ಕಡದ ಕರಾರುಗಳು, ತೆರೆಯುವ ದಿನದ ಆಚರಣೆಗಳು - ಸೊಲ್ಲಾಪುರ, ಅಕ್ಕಲಕೋಟೆ, ರಾಯದುರ್ಗ, ಆದೋನಿ, ಹೊಸೂರುಗಳ ಕನ್ನಡಿಗರ ನೆನಪಿನಲ್ಲಿಯೂ ಇವೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಹಿರಿಯರ ನೆನಪಿನಲ್ಲಿಯೂ ಇವೆ. ಅವರನ್ನು ಕೇಳುವಾಗ 'ನಿಮ್ಮ ಮನೆಯಲ್ಲಿ ಹಗೇವು ಇತ್ತೆ?' ಎಂದು ಕೇಳಿ ನಿಲ್ಲಿಸಬಾರದು. 'ಅದನ್ನು ತೆರೆದಾಗ ಯಾರು ಯಾರು ಚೀಲ ಹಿಡಿದು ಬರುತ್ತಿದ್ದರು?' ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಹೊರನಾಡಿನ ಸಂಶೋಧಕರು ಈ ಕೆಲಸವನ್ನು ಕೈಗೊಳ್ಳಲು ಕಾಲ ಇನ್ನೂ ಮೀರಿಲ್ಲ. ಆದರೆ ದೀಪ ಇಳಿಬಿಟ್ಟು ಹಗೇವಿಗೆ ಇಳಿದು ಬಲ್ಲವರ ತಲೆಮಾರು ಬಹುಪಾಲು ಮುಗಿಯುತ್ತ ಬಂದಿದೆ.