ಕೇಳುವ ಭಾಷೆ, ಹೇಳುವ ಭಾಷೆ: ವಿಜ್ಞಾನ ಮತ್ತು ಅಣುನೀತಿಯ ಸಾರ್ವಜನಿಕ ಸಮಾಲೋಚನೆಯಲ್ಲಿ ಗಡಿಯಾಚೆಯ ಕನ್ನಡ

2020ರ ಏಪ್ರಿಲ್ 11ರಂದು, ದೇಶವಿಡೀ ಲಾಕ್‌ಡೌನ್‌ನಲ್ಲಿ ಬಾಗಿಲು ಮುಚ್ಚಿ ಕುಳಿತಿದ್ದಾಗ, ಕೇಂದ್ರ ಪರಿಸರ ಸಚಿವಾಲಯದ ಕರಡು ಅಧಿಸೂಚನೆಯೊಂದು ಭಾರತದ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಗಣಿ, ಅಣೆಕಟ್ಟು, ರಾಸಾಯನಿಕ ಕಾರ್ಖಾನೆ, ಅಣುಸ್ಥಾವರ ಮೊದಲಾದ ಯೋಜನೆಗಳಿಗೆ ಪರಿಸರ ಅನುಮತಿ ನೀಡುವ ಕ್ರಮವನ್ನು ಹೊಸದಾಗಿ ರೂಪಿಸುವ ಕರಡು ಅದು. ಅರುವತ್ತು ದಿನಗಳೊಳಗೆ ಆಕ್ಷೇಪಣೆ ಹಾಗೂ ಸಲಹೆಗಳನ್ನು ಸಲ್ಲಿಸುವಂತೆ ಸಾರ್ವಜನಿಕರನ್ನು ಕೋರಲಾಗಿತ್ತು. ಕೋರಿಕೆ ಇದ್ದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಜೂನ್ 30ರಂದು ದೆಹಲಿ ಉಚ್ಚ ನ್ಯಾಯಾಲಯವು ಅಭಿಪ್ರಾಯ ಸಲ್ಲಿಕೆಯ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳಿಗೂ ಕರಡನ್ನು ಹತ್ತು ದಿನಗಳಲ್ಲಿ ಅನುವಾದಿಸಬೇಕೆಂದೂ ಆದೇಶಿಸಿತು. ಅಧಿಕೃತ ಭಾಷೆಗಳ ಕಾಯಿದೆಯಂತೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪ್ರಕಟಿಸಿದರೆ ಸಾಕು ಎಂಬ ನಿಲುವಿನೊಂದಿಗೆ ಕೇಂದ್ರ ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು.

ಈ ವಿವಾದವನ್ನು ಪರಿಸರ ಕಾನೂನಿನ ಚರಿತ್ರೆಯ ಭಾಗವಾಗಿ ಹಲವರು ಬರೆದಿದ್ದಾರೆ. ಅದು ಭಾಷಾ ಅಲ್ಪಸಂಖ್ಯಾತರ ಚರಿತ್ರೆಗೂ ಸೇರಿದ್ದು. ಪ್ರಜೆಯ ಅಭಿಪ್ರಾಯವನ್ನು ಕೇಳುವ ಹೊಣೆ ಹೊತ್ತ ಪ್ರಭುತ್ವವು ಆ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಬೇಕು ಎಂಬುದಕ್ಕೆ ಭಾರತದ ಕಾನೂನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ. ಆ ಉತ್ತರಗಳ ಪೈಕಿ ಯಾವುದು ಗಡಿಯನ್ನು ದಾಟುತ್ತದೆ, ಯಾವುದು ಗಡಿಯಲ್ಲೇ ನಿಲ್ಲುತ್ತದೆ ಎಂಬುದು ಕಾಸರಗೋಡಿನಿಂದ ಜತ್ತದವರೆಗಿನ ಕನ್ನಡಿಗರಿಗೆ ಬರಿಯ ತಾತ್ತ್ವಿಕ ಪ್ರಶ್ನೆಯಲ್ಲ.

‘ಆಕ್ಷೇಪಣೆ ಮತ್ತು ಸಲಹೆ’ ಎಂಬ ಜೋಡುಪದದ ಮೂಲ ವಸಾಹತು ಕಾಲದ್ದು. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೆಯ ಪ್ರಕರಣವು, ಪೂರ್ವಪ್ರಕಟಣೆಯ ಷರತ್ತು ಇರುವ ನಿಯಮಗಳ ಕರಡನ್ನು ಮೊದಲು ಪ್ರಕಟಿಸಬೇಕು, ಬಂದ ಆಕ್ಷೇಪಣೆ ಸಲಹೆಗಳನ್ನು ಪರಿಶೀಲಿಸಬೇಕು ಎಂದಿತು. ಆದರೆ ಪ್ರಕಟಣೆಯ ರೀತಿಯನ್ನು ಅಧಿಕಾರಿಯ ವಿವೇಚನೆಗೆ ಬಿಟ್ಟಿತು. ಅವನಿಗೆ ಸಾಕೆಂದು ತೋರಿದ ರೀತಿಯೇ ಸಾಕು. ನಿಯಮವು ಕೊನೆಗೆ ರಾಜ್ಯಪತ್ರದಲ್ಲಿ ಬಂದರೆ, ಅದನ್ನು ಕ್ರಮಬದ್ಧವಾಗಿ ರಚಿಸಲಾಗಿದೆ ಎಂಬುದಕ್ಕೆ ಆ ಪ್ರಕಟಣೆಯೇ ನಿರ್ಣಾಯಕ ಸಾಕ್ಷ್ಯ. ಭಾಷೆಯ ಮಾತು ಅಲ್ಲಿಲ್ಲ. ರಾಜ್ಯಪತ್ರವನ್ನು ಓದಬಲ್ಲವನೇ ‘ಸಾರ್ವಜನಿಕ’ ಎಂಬ ಊಹೆ ಅಧಿನಿಯಮದ ಒಳಗೆ ಮೌನವಾಗಿ ಕುಳಿತಿತ್ತು.

ಸ್ವಾತಂತ್ರ್ಯಾನಂತರ ವಿಜ್ಞಾನ ನೀತಿಯ ವಿಷಯದಲ್ಲಿ ಈ ‘ಸಾರ್ವಜನಿಕ’ ಇನ್ನಷ್ಟು ಕಿರಿದಾಯಿತು. 1958ರ ಮಾರ್ಚ್‌ನ ವಿಜ್ಞಾನ ನೀತಿ ನಿರ್ಣಯ, 1983ರ ತಂತ್ರಜ್ಞಾನ ನೀತಿ ಹೇಳಿಕೆ ಇವು ಸರ್ಕಾರ ಮತ್ತು ವಿಜ್ಞಾನಿಗಳ ವಲಯದೊಳಗೆ ರೂಪುಗೊಂಡವು. ಅಣುಶಕ್ತಿಯಲ್ಲಂತೂ ಗೋಪ್ಯವೇ ನಿಯಮವಾಯಿತು. 1962ರ ಅಣುಶಕ್ತಿ ಕಾಯಿದೆಯ 18ನೆಯ ಪ್ರಕರಣವು ಸ್ಥಾವರಗಳಿಗೆ ಸಂಬಂಧಿಸಿದ ಮಾಹಿತಿಯ ಬಹಿರಂಗವನ್ನು ನಿರ್ಬಂಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಅಭಿಪ್ರಾಯ ಕೇಳುವ ಕ್ರಮವೇ ಇಲ್ಲದಿದ್ದಾಗ ಉತ್ತರಗಳು ಬೇರೆ ದಾರಿ ಹಿಡಿದವು. ಕೈಗಾ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಯಾರೂ ಕೇಳದಿದ್ದ ಪ್ರಶ್ನೆಗೆ ಅವರು ಚುನಾವಣೆಯ ಕಣದಲ್ಲಿ, ಕನ್ನಡದಲ್ಲಿ, ಉತ್ತರ ಹೇಳಿದರು. ಕೂಡಂಕುಳಂನ ಮೊದಲೆರಡು ಘಟಕಗಳಿಗೆ ಅದೇ 1989ರಲ್ಲಿ ಪರಿಸರ ಅನುಮತಿ ದೊರೆಯಿತು. ಅಹವಾಲು ಸಭೆಯನ್ನು ಕಡ್ಡಾಯಗೊಳಿಸಿದ ಕಾನೂನು ಆಮೇಲೆ ಬಂದದ್ದರಿಂದ ಆ ಘಟಕಗಳಿಗೆ ಸಭೆಯೇ ನಡೆಯಲಿಲ್ಲ; 2013ರ ಮೇ 6ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಥಾವರದ ಪರವಾಗಿ ನಿಂತಿತು.

ಕೇಳದಿರುವುದರ ಬೆಲೆ ಏನೆಂಬುದನ್ನು ಗಡಿಯಾಚೆಯ ಕನ್ನಡಿಗರು ತಿಳಿದದ್ದು ಅಣುವಿನಿಂದಲ್ಲ, ಕೀಟನಾಶಕದಿಂದ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದರ ಕೆಳಗಿದ್ದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳು ಕನ್ನಡ ಮತ್ತು ತುಳು ಮನೆಮಾತಿನವರು ಹೆಚ್ಚಾಗಿರುವ ಪಂಚಾಯತುಗಳು. ಪಡ್ರೆಯ ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಇದರ ಬಗ್ಗೆ ಬರೆದರು. ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಜ್ಞರು ಪಡ್ರೆಗೆ ಅಧ್ಯಯನಕ್ಕೆ ಬಂದದ್ದು 2001ರಲ್ಲಿ. ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಆ ಕೀಟನಾಶಕವನ್ನು ತಡೆದದ್ದು 2011ರ ಮೇ 13ರಂದು. ಊರಿನವರ ಮಾತು ಆಡಳಿತದ ಕಿವಿಗೆ ಬೀಳಲು ಹಿಡಿದ ಕಾಲ ಎರಡು ದಶಕ. ಇಷ್ಟಕ್ಕೂ ಭಾಷೆಯೇ ಕಾರಣವೆನ್ನುವುದು ಸರಳೀಕರಣವಾದೀತು. ಆದರೆ ಸಿಂಪಡಣೆಗೆ ಮುನ್ನ ಅಭಿಪ್ರಾಯ ಕೇಳುವ ಬಾಧ್ಯತೆ ಇದ್ದಿದ್ದರೆ ಅದನ್ನು ಯಾವ ಭಾಷೆಯಲ್ಲಿ ಕೇಳಬೇಕಿತ್ತು ಎಂಬುದರಲ್ಲಿ ಆ ಊರುಗಳ ಬಗ್ಗೆ ಬಲ್ಲವರಿಗೆ ಸಂದೇಹವಿರಲಾರದು.

ಅಂಥ ಬಾಧ್ಯತೆ ಕಾನೂನಿನಲ್ಲಿ ಮೂಡಿದ ಬಗೆಯನ್ನು ಗಮನಿಸಬೇಕು. ಭೋಪಾಲ ದುರಂತದ ಬಳಿಕ 1986ರಲ್ಲಿ ಪರಿಸರ (ಸಂರಕ್ಷಣೆ) ಕಾಯಿದೆ ಬಂತು. ಅದರಡಿಯಲ್ಲಿ 1994ರ ಜನವರಿ 27ರಂದು ಹೊರಟ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಮೊದಲ ಅನುಸೂಚಿಯಲ್ಲಿ ಅಣುವಿದ್ಯುತ್ ಯೋಜನೆಗಳಿಗೇ ಮೊದಲ ಸ್ಥಾನವಿತ್ತು. 1997ರ ಏಪ್ರಿಲ್ 10ರ ತಿದ್ದುಪಡಿ ಸಾರ್ವಜನಿಕ ಅಹವಾಲು ಸಭೆಯನ್ನು ಕಡ್ಡಾಯಗೊಳಿಸಿತು. ಸಭೆಯ ಸೂಚನೆ ಎರಡು ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ‘ಸಂಬಂಧಪಟ್ಟ ಪ್ರದೇಶದ ದೇಶಭಾಷೆ’ಯದಾಗಿರಬೇಕು, ಯೋಜನೆಯ ಸಾರಾಂಶ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು ಎಂದು ಅದು ಹೇಳಿತು. ಇಲ್ಲಿ ರಾಜ್ಯದ ಹೆಸರಿಲ್ಲ, ಅಧಿಕೃತ ಭಾಷೆಯ ಪ್ರಸ್ತಾಪವಿಲ್ಲ; ಇರುವುದು ಊರು ಮತ್ತು ಊರಿನ ಮಾತು. ಭಾಷಾ ಅಲ್ಪಸಂಖ್ಯಾತರ ದೃಷ್ಟಿಯಿಂದ ಇದು 1897ರ ಮೌನವನ್ನು ಮುರಿದ ಮೊದಲ ವಾಕ್ಯ.

2006ರ ಸೆಪ್ಟೆಂಬರ್ 14ರ ಹೊಸ ಅಧಿಸೂಚನೆ ಹಳೆಯದರ ಸ್ಥಾನಕ್ಕೆ ಬಂದಾಗ ಈ ವಾಕ್ಯ ಬದಲಾಯಿತು. ಸಾರಾಂಶವು ಇಂಗ್ಲಿಷಿನಲ್ಲಿ ಮತ್ತು ‘ರಾಜ್ಯದ ಅಧಿಕೃತ ಭಾಷೆ/ಸ್ಥಳೀಯ ಭಾಷೆ’ಯಲ್ಲಿ ಇರಬೇಕು ಎಂದಾಯಿತು. ನಡುವೆ ಇರುವುದು ಒಂದು ಓರೆಗೆರೆ ಮಾತ್ರ. ರಾಜ್ಯದ ಭಾಷೆಯೇ ಊರಿನ ಭಾಷೆಯಾಗಿರುವಲ್ಲಿ ಆ ಗೆರೆಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. 2018ರ ಡಿಸೆಂಬರಿನಲ್ಲಿ ಕೈಗಾದ 5 ಮತ್ತು 6ನೆಯ ಘಟಕಗಳಿಗಾಗಿ ಅಹವಾಲು ಸಭೆ ನಡೆದಾಗ ಉತ್ತರ ಕನ್ನಡದಲ್ಲಿ ಎರಡೂ ಒಂದೇ. ತಾಳವಾಡಿಯಲ್ಲಿ ಹಾಗಲ್ಲ. ಅಲ್ಲಿ ಗೆರೆಯ ಎಡಕ್ಕೆ ತಮಿಳು, ಬಲಕ್ಕೆ ಕನ್ನಡ. ಮಂಜೇಶ್ವರದಲ್ಲಿ ಎಡಕ್ಕೆ ಮಲಯಾಳ, ಅಕ್ಕಲಕೋಟೆಯಲ್ಲಿ ಮರಾಠಿ, ಮಡಕಶಿರದಲ್ಲಿ ತೆಲುಗು. ಓರೆಗೆರೆಯನ್ನು ‘ಮತ್ತು’ ಎಂದು ಓದಬೇಕೋ ‘ಅಥವಾ’ ಎಂದು ಓದಬೇಕೋ ಎಂಬುದನ್ನು ಅಧಿಸೂಚನೆ ಹೇಳುವುದಿಲ್ಲ. ‘ಅಥವಾ’ ಎಂದು ಓದಿದರೆ ರಾಜ್ಯಭಾಷೆಯ ಒಂದು ಸಾರಾಂಶದೊಂದಿಗೆ ಕಾನೂನಿನ ಅಕ್ಷರ ಪೂರೈಸುತ್ತದೆ.

ಈ ಕೊರತೆಯನ್ನು ತುಂಬಲು ಭಾಷಾ ಅಲ್ಪಸಂಖ್ಯಾತರ ರಕ್ಷಣಾ ವ್ಯವಸ್ಥೆ ಇದೆಯಲ್ಲ ಎನ್ನಬಹುದು. ಅದು ಎಷ್ಟರಮಟ್ಟಿಗೆ ತುಂಬುತ್ತದೆ ಎಂಬುದನ್ನು ನೋಡಿದರೆ ಒಂದು ವಿಲಕ್ಷಣ ಅಸಮತೆ ಕಾಣುತ್ತದೆ. ಸಂವಿಧಾನದ 350ನೆಯ ಅನುಚ್ಛೇದದಂತೆ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವುದನ್ನೂ, ಅದೇ ಭಾಷೆಯಲ್ಲಿ ಉತ್ತರ ಪಡೆಯುವುದನ್ನೂ ಮಾನ್ಯ ಮಾಡಿದೆ. ಎರಡರಲ್ಲಿಯೂ ಮೊದಲು ಮಾತನಾಡುವವನು ಪ್ರಜೆ. ಸಮಾಲೋಚನೆಯಲ್ಲಿ ಮೊದಲು ಮಾತನಾಡುವುದು ಸರ್ಕಾರ. ಹೇಳುವ ಹಕ್ಕು ಕನ್ನಡದಲ್ಲಿದೆ, ಕೇಳಿಸಿಕೊಳ್ಳಬೇಕಾದ ಪ್ರಶ್ನೆ ಕನ್ನಡದಲ್ಲಿಲ್ಲ. ನೂರಾರು ಪುಟಗಳ ಮೌಲ್ಯಮಾಪನ ವರದಿಗೆ, ವಿಕಿರಣದ ಮಿತಿ ಮತ್ತು ತಂಪುನೀರಿನ ಉಷ್ಣತೆಯ ಲೆಕ್ಕಕ್ಕೆ, ಓದಲಾಗದ ಭಾಷೆಯಲ್ಲಿರುವ ಆ ಪಠ್ಯಕ್ಕೆ, ಕನ್ನಡದಲ್ಲಿ ಆಕ್ಷೇಪಣೆ ಬರೆಯುವ ಸ್ವಾತಂತ್ರ್ಯವನ್ನು ಯಾರೂ ಕಸಿದುಕೊಂಡಿಲ್ಲ. ಅದು ಉಪಯೋಗಕ್ಕೆ ಬಾರದು, ಅಷ್ಟೆ.

ಪ್ರಶ್ನೆಯ ಭಾಷೆಯನ್ನು ಕುರಿತು ಮಾತನಾಡುವುದು ಇನ್ನೊಂದು ಸೂತ್ರ. ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಮೇಲ್ವಿಚಾರಣೆ ಮಾಡುವ ರಕ್ಷಣೆಗಳ ಪ್ರಕಾರ, ಜಿಲ್ಲೆ ಅಥವಾ ಅದಕ್ಕಿಂತ ಕೆಳಗಿನ ಘಟಕದಲ್ಲಿ ಶೇ. 15ರಷ್ಟು ಜನ ಆಡುವ ಭಾಷೆಗೆ ಮುಖ್ಯ ನಿಯಮ, ಸೂಚನೆಗಳನ್ನು ಅನುವಾದಿಸಿ ಪ್ರಕಟಿಸಬೇಕು. ಇದು ಶಾಸನವಲ್ಲ, ಒಪ್ಪಿಕೊಂಡ ಕ್ರಮ. ಇದರ ಅಳತೆಗೋಲಿನಲ್ಲೂ ತೊಡಕಿದೆ. ಕಾಸರಗೋಡಿನಲ್ಲಿ ಮನೆಯಲ್ಲಿ ತುಳು ಆಡುವ ಅನೇಕರು ಶಾಲೆಯಲ್ಲಿ ಕಲಿತು ಓದುವುದು ಕನ್ನಡವನ್ನು. ಜನಗಣತಿ ಅವರನ್ನು ತುಳುವಿನ ಲೆಕ್ಕಕ್ಕೆ ಸೇರಿಸುತ್ತದೆ. ನೀಲಗಿರಿಯಲ್ಲಿ ಇದರ ತಿರುವುಮುರುವು: ಬಡಗವನ್ನು ಜನಗಣತಿ ಕನ್ನಡದ ಅಡಿಯಲ್ಲಿ ವರ್ಗೀಕರಿಸುತ್ತದೆ, ಆದರೆ ಬಡಗರ ಶಾಲೆಯ ಓದು ಬಹುಮಟ್ಟಿಗೆ ತಮಿಳು ಮತ್ತು ಇಂಗ್ಲಿಷಿನಲ್ಲಿ. ಮಾತೃಭಾಷೆಯ ಅಂಕಿಯಿಂದ ಓದುವ ಭಾಷೆ ತಿಳಿಯುವುದಿಲ್ಲ. ಅಹವಾಲು ಸಭೆಯ ಸೂಚನೆಗೆ ಬೇಕಾದದ್ದು ಎರಡನೆಯದು.

ಹಾಗೆಂದು ಸಮಾಲೋಚನೆ ಯಾವಾಗಲೂ ನೆಪಮಾತ್ರವಾಗಿತ್ತೆಂದಲ್ಲ. 2010ರ ಜನವರಿ–ಫೆಬ್ರವರಿಯಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಬಿಟಿ ಬದನೆಯ ಕುರಿತು ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿದರು. ಕೊನೆಯದು ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಮೂರು ದಿನಗಳ ಬಳಿಕ ಆ ತಳಿಯ ಬಿಡುಗಡೆಗೆ ತಡೆ ಘೋಷಣೆಯಾಯಿತು. ಕೇಳಿದ್ದನ್ನು ಕೇಳಿಸಿಕೊಂಡ ಉದಾಹರಣೆ ಇದು. ಇದಕ್ಕೆ ಪ್ರತಿಯಾಗಿ ಐದನೆಯ ವಿಜ್ಞಾನ ನೀತಿಯ ಕರಡು 2020ರ ಡಿಸೆಂಬರ್ ಕೊನೆಗೆ ಹೊರಬಿದ್ದಾಗ, ಅಭಿಪ್ರಾಯ ಸಲ್ಲಿಸಲು ಮೊದಲಿಗೆ ಗೊತ್ತುಪಡಿಸಿದ ದಿನ 2021ರ ಜನವರಿ 25. ಒಂದು ತಿಂಗಳೂ ತುಂಬದ ಆ ಅವಧಿಯಲ್ಲಿ ಇಡಿಯ ದೇಶದ ವಿಜ್ಞಾನದ ದಿಕ್ಕನ್ನು ಕುರಿತು ಪ್ರಜೆ ಯೋಚಿಸಬೇಕಿತ್ತು.

ಈ ಹಿನ್ನೆಲೆಯಲ್ಲಿ 2020ರ ದೆಹಲಿಯ ಆದೇಶದ ಮಹತ್ವ ತಿಳಿಯುತ್ತದೆ. ಅದು ಅನುವಾದದ ಹೊಣೆಯನ್ನು ರಾಜ್ಯದ ಗಡಿಗೆ ಕಟ್ಟಲಿಲ್ಲ, ಎಂಟನೆಯ ಅನುಸೂಚಿಗೆ ಕಟ್ಟಿತು. ಒಕ್ಕೂಟವೇ ಕನ್ನಡದಲ್ಲಿ ಹೊರಡಿಸುವ ಪಠ್ಯವು ಬೆಂಗಳೂರಿಗೆ ಎಷ್ಟು ಅಧಿಕೃತವೋ ಬದಿಯಡ್ಕಕ್ಕೂ ಆದೋನಿಗೂ ಅಷ್ಟೇ ಅಧಿಕೃತ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಎಳೆದ ಗೆರೆ ಅಂಥ ಪಠ್ಯವನ್ನು ತಡೆಯದು. ಅದೇ ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅಂತಿಮ ಅಧಿಸೂಚನೆಯನ್ನು ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ಆಗಸ್ಟ್ 13ರಂದು ಸರ್ವೋಚ್ಚ ನ್ಯಾಯಾಲಯವು ಕೇಂದ್ರವನ್ನು ಮತ್ತೆ ದೆಹಲಿಯ ನ್ಯಾಯಾಲಯಕ್ಕೇ ಮರುಪರಿಶೀಲನೆಗೆ ಕಳುಹಿಸಿತು. ಅಧಿಕೃತ ಭಾಷೆಗಳ ಕಾಯಿದೆಯ ತಿದ್ದುಪಡಿಯನ್ನು ಯೋಚಿಸಬಾರದೇಕೆ ಎಂದೂ ಕೇಳಿತು. ಲಕ್ಷಗಟ್ಟಲೆ ಪ್ರತಿಕ್ರಿಯೆಗಳು ಬಂದ ಆ ಕರಡು ಅಂತಿಮ ರೂಪ ತಾಳಲಿಲ್ಲ. ತುಳು, ಕೊಡವ, ಬಡಗಗಳು ಅನುಸೂಚಿಯ ಹೊರಗೇ ಇರುವುದರಿಂದ ದೆಹಲಿಯ ಉತ್ತರವೂ ಪೂರ್ಣವಲ್ಲ. ಆದರೂ ಅದು ದಿಕ್ಕನ್ನು ತೋರಿತು.

ತಡೆದ ಕರಡಿನಲ್ಲಿ ಸಭೆಯ ಸೂಚನಾ ಅವಧಿಯನ್ನು 30 ದಿನದಿಂದ 20ಕ್ಕೆ ಇಳಿಸುವ ಪ್ರಸ್ತಾಪವಿತ್ತು. ಅನುವಾದವನ್ನೂ ಓದನ್ನೂ ಒಳಗೊಳ್ಳಬೇಕಾದ ಅವಧಿ ಅದು. 2025ರ ಸೆಪ್ಟೆಂಬರಿನಲ್ಲಿ ಪರಿಸರ ಸಚಿವಾಲಯವು ಯುರೇನಿಯಂ ಮೊದಲಾದ ಅಣುಖನಿಜಗಳ ಗಣಿಗಾರಿಕೆಯನ್ನು ಸಾರ್ವಜನಿಕ ಸಮಾಲೋಚನೆಯಿಂದಲೇ ಹೊರಗಿಟ್ಟಿತು. ಭಾಷೆಯ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ಪ್ರಶ್ನೆಯೇ ಮರೆಯಾಗುವ ಈ ಹೊತ್ತಿನಲ್ಲಿ, ಗಡಿನಾಡ ಕನ್ನಡ ಸಂಘಟನೆಗಳು ತಮ್ಮ ಬೇಡಿಕೆಗಳ ಪಟ್ಟಿಯನ್ನು ಮರಳಿ ನೋಡಿಕೊಳ್ಳಬೇಕಾಗಿದೆ. ಶಾಲೆ, ಶಿಕ್ಷಕರ ನೇಮಕ, ಪಠ್ಯಪುಸ್ತಕಗಳ ಜೊತೆಗೆ, ನೆಲ ಜಲಗಳಿಗೆ ಸಂಬಂಧಿಸಿದ ಪ್ರತಿಯೊಂದು ಕರಡಿನ ಸಾರಾಂಶವೂ ತಾಲ್ಲೂಕಿನಲ್ಲಿ ಜನ ಓದುವ ಭಾಷೆಯಲ್ಲಿ ಬರಬೇಕೆಂಬುದು ಆ ಪಟ್ಟಿಗೆ ಸೇರಬೇಕು. 1997ರ ‘ಸಂಬಂಧಪಟ್ಟ ಪ್ರದೇಶದ ದೇಶಭಾಷೆ’ ಎಂಬ ಪದಪುಂಜ ಅದಕ್ಕೆ ಸಿದ್ಧ ಆಧಾರ; ಹೊಸದಾಗಿ ಏನನ್ನೂ ಕಲ್ಪಿಸಬೇಕಿಲ್ಲ.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತು ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ ಸಲ್ಲುತ್ತದೆ. ಪ್ರಭುತ್ವದ ಆಹ್ವಾನ ಪತ್ರಿಕೆಗಳಲ್ಲಿ ಈ ಎರಡು ಅರ್ಥಗಳು ಬೇರ್ಪಟ್ಟು ಬಹುಕಾಲವಾಗಿದೆ. ಅರ್ಥವಾಗುವ ಮಾತಿನಲ್ಲಿ ಕೇಳದವರಿಗೆ ಉತ್ತರ ಕೇಳಿಸುವುದೂ ಇಲ್ಲ.