ಲಾಕ್‌ಡೌನ್ ಮತ್ತು ಹಗುರ ನಿರ್ಬಂಧಗಳು: ದಕ್ಷಿಣ ಕನ್ನಡ (2020–2022)

ಕೋವಿಡ್-19ರ ಎರಡು ವರ್ಷಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಪೂರ್ಣ ಬಂದ್‌ನಿಂದ ರಾತ್ರಿ ಕರ್ಫ್ಯೂವರೆಗೆ ನಿರ್ಬಂಧದ ಹೆಚ್ಚುಕಡಿಮೆ ಎಲ್ಲ ಬಗೆಗಳನ್ನೂ ಕಂಡಿತು. ಮಂಗಳೂರು ನಗರಕ್ಕೂ ಕಡಬ ತಾಲೂಕಿನ ಇಚಿಲಂಪಾಡಿಯಂಥ ಹಳ್ಳಿಗೂ ಬಹುಮಟ್ಟಿಗೆ ಒಂದೇ ಆದೇಶ ನಡೆಯಿತು. ಬಿಗಿ ಬೇಕೇ, ಸಡಿಲ ಸಾಕೇ ಎಂಬ ಚರ್ಚೆಗೆ ಈ ಭಾಗದಲ್ಲಿ ಮೂಲವಾದದ್ದು ಇದೇ.

ಹಿಂದಿನ ರೂಢಿ ಬೇರೆಯಿತ್ತು. ಮುಂಬಯಿಯ ಪ್ಲೇಗಿನ ಬೆನ್ನಿಗೆ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ತಲುಪಿದಾಗ ಜನರನ್ನು ಊರ ಹೊರಗಿನ ಶೆಡ್ಡುಗಳಿಗೆ ಕಳಿಸಿದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದೂ ಆ ಭಯದಿಂದಲೇ. ಅಂದು ಮನೆ ಬಿಡಿಸಿದರು, 2020ರಲ್ಲಿ ಮನೆಯೊಳಗೆ ಕೂರಿಸಿದರು.

ಕರ್ನಾಟಕ ಶುರುಮಾಡಿದ್ದು ಹಗುರವಾಗಿಯೇ: 2020ರ ಮಾರ್ಚ್ 14ರಿಂದ ಒಂದು ವಾರ ಮಾಲ್, ಚಿತ್ರಮಂದಿರಗಳು ಮುಚ್ಚಿದವು, ಜಾತ್ರೆ, ಮದುವೆಗಳಿಗೆ ತಡೆ ಬಿತ್ತು. 25ರಿಂದ ದೇಶವ್ಯಾಪಿ ಲಾಕ್‌ಡೌನ್. ಬಂಟ್ವಾಳದ ಸಜೀಪನಡುವಿನಲ್ಲಿ ಹತ್ತು ತಿಂಗಳ ಮಗುವಿಗೆ ಸೋಂಕು ದೃಢಪಟ್ಟು ಗ್ರಾಮವೇ ಸೀಲ್‌ಡೌನ್ ಆಯಿತು. ಮರುದಿನದಿಂದ ಜಿಲ್ಲೆಯಲ್ಲಿ ದಿನಸಿ ಅಂಗಡಿಯೂ ತೆರೆಯದ ಬಂದ್. ಮಾರ್ಚ್ 31ರಂದು ಬಾಗಿಲು ತೆರೆದಾಗ ಪೇಟೆಗಳಲ್ಲಿ ಜನಜಂಗುಳಿ. ತಡೆಯಬೇಕಾದ ಗುಂಪನ್ನು ಆದೇಶವೇ ಕೂಡಿಸಿದಂತಾಯಿತು.

ಬಿಗಿಯ ಅತಿರೇಕ ಕಂಡದ್ದು ಗಡಿಯಲ್ಲಿ. ಕೇರಳದ ಕಾಸರಗೋಡಿಗೆ ಹೋಗುವ ರಸ್ತೆಗಳಿಗೆ ಕರ್ನಾಟಕ ಮಣ್ಣು ಸುರಿದು ತಡೆ ಹಾಕಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಹಲವು ರೋಗಿಗಳು ದಾರಿ ಸಿಗದೆ ತೀರಿಕೊಂಡರು. ಆ ತಡೆ ತೆಗೆಸುವಂತೆ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಆದೇಶ ನೀಡಿತು. ಗಡಿಯ ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಗಿದೆ ಎಂದು 7ರಂದು ಸುಪ್ರೀಂ ಕೋರ್ಟ್‌ಗೆ ಕೇಂದ್ರ ಸರ್ಕಾರ ತಿಳಿಸಿತು.

ದೇಶವ್ಯಾಪಿ ಲಾಕ್‌ಡೌನ್ ಸಡಿಲಗೊಂಡ ಮೇಲೂ ಜುಲೈ 16ರಿಂದ ಜಿಲ್ಲೆಗೆ ಮತ್ತೆ ಒಂದು ವಾರದ ಲಾಕ್‌ಡೌನ್. ಅದರ ನಡುವೆಯೇ, ಲಾಕ್‌ಡೌನ್ ಪರಿಹಾರವಲ್ಲ ಎಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಹೇಳಿದರು. ಆದರೆ 2021ರಲ್ಲಿ ವಾರಾಂತ್ಯ ಕರ್ಫ್ಯೂ ಸಾಲದೆ ಮೇ 10ರಿಂದ ಲಾಕ್‌ಡೌನ್ ಮರಳಿತು. ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ದಿನಸಿ, ಅದೂ ಕಾಲ್ನಡಿಗೆಯಲ್ಲಿ ಹೋಗಿ ತರಬೇಕು ಎಂಬುದು ಮೊದಲ ನಿಯಮ. ತೋಟದ ನಡುವಿನ ಮನೆಯಿಂದ ಪೇಟೆಗೆ ಎಷ್ಟು ದೂರವೆಂದು ಅದನ್ನು ಬರೆದವರಿಗೆ ಗೊತ್ತಿದ್ದಂತಿಲ್ಲ. ಟೀಕೆ ಬಂದ ಮೇಲೆ ಹತ್ತಿರದ ಅಂಗಡಿಗೆ ವಾಹನ ಬಿಟ್ಟರು. ಜೂನ್ 14ರಂದು 19 ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಿತು. ಸೋಂಕಿನ ಪ್ರಮಾಣ ಹೆಚ್ಚಿದ್ದ 11 ಜಿಲ್ಲೆಗಳಲ್ಲೊಂದಾದ ದಕ್ಷಿಣ ಕನ್ನಡ ಇನ್ನೊಂದು ವಾರ ಕಾಯಬೇಕಾಯಿತು.

ಜಿಲ್ಲೆಯ ಹಳ್ಳಿಗಳಲ್ಲಿ ಮನೆಗಳು ಬಯಲುಸೀಮೆಯಂತೆ ಗೋಡೆಗೆ ಗೋಡೆ ತಾಗಿ ನಿಂತಿಲ್ಲ. ಅಡಿಕೆ, ರಬ್ಬರ್ ತೋಟಗಳು ಅವನ್ನು ಮೊದಲೇ ದೂರವಿಟ್ಟಿವೆ. ಜನ ಸೇರುವುದು ರೇಷನ್ ಕೊಡುವ ಸೊಸೈಟಿ, ದೇವಸ್ಥಾನ, ಇಗರ್ಜಿ, ಮದುವೆಮನೆಗಳಲ್ಲಿ. ಅಷ್ಟಕ್ಕೆ ಮಿತಿ ಹಾಕಿದ್ದರೆ ಸಾಕಿತ್ತು ಎಂಬ ವಾದಕ್ಕೆ ಬಲವಿದೆ. ಉಸಿರು ಕಟ್ಟಿದವರನ್ನು ಪುತ್ತೂರಿಗೋ ಮಂಗಳೂರಿಗೋ ಒಯ್ಯಬೇಕಾಗಿದ್ದರಿಂದ, ಅಲ್ಲಿ ಹಾಸಿಗೆ ಖಾಲಿ ಉಳಿಸಲು ಬಿಗಿ ಬೇಕಿತ್ತೆಂಬ ಎದುರುವಾದವನ್ನೂ ತಳ್ಳಿಹಾಕಲಾಗದು. ಪ್ರಾಥಮಿಕ ಶಾಲೆಗಳನ್ನು ತೆರೆದೇ ಇಟ್ಟ ಸ್ವೀಡನ್ ಹಗುರ ನಿರ್ಬಂಧಕ್ಕೆ ಜಗತ್ತಿನೆಲ್ಲೆಡೆ ಉದಾಹರಣೆಯಾಯಿತು. 2020ರಲ್ಲಿ ಅದರ ಸಾವಿನ ಪ್ರಮಾಣ ನೆರೆಯ ನಾರ್ವೆ, ಫಿನ್‌ಲ್ಯಾಂಡ್‌ಗಳಿಗಿಂತ ಬಹಳ ಹೆಚ್ಚಿತ್ತು.

ಶಾಲೆ ಮುಚ್ಚಿದ್ದರ ಬೆಲೆ ಈ ಲೆಕ್ಕದಲ್ಲಿ ತಡವಾಗಿ ಸೇರಿತು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ನೆಟ್‌ವರ್ಕ್‌ಗಾಗಿ ರಸ್ತೆಬದಿಯಲ್ಲಿ ಪಾಠ ಕೇಳುತ್ತ ಕುಳಿತ ಮಗಳಿಗೆ ಮಳೆಯಲ್ಲಿ ತಂದೆ ಕೊಡೆ ಹಿಡಿದ ಚಿತ್ರ ದೇಶವೆಲ್ಲ ಹರಿದಾಡಿತು. 2022ರ ಜನವರಿಯಲ್ಲಿ ಓಮೈಕ್ರಾನ್ ಬಂದಾಗ ರಾಜ್ಯ ಲಾಕ್‌ಡೌನ್‌ಗೆ ಹೋಗದೆ ವಾರಾಂತ್ಯ ಕರ್ಫ್ಯೂ ಹೇರಿ, 21ರಂದು ಅದನ್ನು ಹಿಂತೆಗೆಯಿತು.