ಡ್ರಾಫ್ಟ್ಸ್‌ಮನ್ ತರಬೇತಿ: ಅಂದದ ಚಿತ್ರಕ್ಕಿಂತ ಅಳತೆಯ ಶಿಸ್ತು ಮುಖ್ಯ

ಗೋಕಾಕ: ಘಟಪ್ರಭಾ ನದಿಗೆ ಅಡ್ಡಲಾಗಿ ನಿಂತಿರುವ ಧೂಪದಾಳದ ಒಡ್ಡು, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ, ಗೋಕಾಕ ಫಾಲ್ಸ್‌ನ ಹತ್ತಿ ಗಿರಣಿ, ಮೂಡಲಗಿ ಭಾಗದ ಹೊಲಗಳಿಗೆ ನೀರುಣಿಸುವ ಕಾಲುವೆಗಳು ಇವೆಲ್ಲವೂ ನೆಲದ ಮೇಲೆ ಮೂಡುವ ಮೊದಲು ಕಾಗದದ ಮೇಲೆ ಮೂಡಿದಂಥವು. ಎಂಜಿನಿಯರನ ಯೋಚನೆಯನ್ನು ಗಾರೆಯವನಿಗೂ ಯಂತ್ರ ನಡೆಸುವವನಿಗೂ ಅರ್ಥವಾಗುವ ಗೆರೆಗಳಾಗಿ ಮಾರ್ಪಡಿಸುವವನೇ ಡ್ರಾಫ್ಟ್ಸ್‌ಮನ್. ಎಸ್ಸೆಸ್ಸೆಲ್ಸಿ ನಂತರ ಈ ತರಬೇತಿ ಸೇರಬಯಸುವವರಲ್ಲಿ ಯಾವ ಗುಣಗಳಿರಬೇಕು?

ಚಿತ್ರಕಲೆ ಬೇರೆ, ನಕ್ಷೆ ಬೇರೆ

‘ಮಗ ಚೆನ್ನಾಗಿ ಚಿತ್ರ ಬಿಡಿಸುತ್ತಾನೆ’ ಎಂಬ ಒಂದೇ ಕಾರಣಕ್ಕೆ ಈ ವಿಭಾಗ ಆರಿಸಿಕೊಳ್ಳುವುದು ಸರಿಯಲ್ಲ. ಚಿತ್ರಕಾರನಿಗೆ ಸ್ವಾತಂತ್ರ್ಯವಿದೆ, ನಕ್ಷೆಗಾರನಿಗೆ ಇಲ್ಲ. ದಪ್ಪ ಗೆರೆ, ತೆಳು ಗೆರೆ, ತುಂಡು ಗೆರೆ ಪ್ರತಿಯೊಂದಕ್ಕೂ ನಿಶ್ಚಿತ ಅರ್ಥವಿದ್ದು, ಅದನ್ನು ಬದಲಿಸುವಂತಿಲ್ಲ. ಚಿತ್ರ ಬಿಡಿಸಲು ಬಾರದ ವಿದ್ಯಾರ್ಥಿಯೂ ಶಿಸ್ತಿದ್ದರೆ ಇಲ್ಲಿ ಯಶಸ್ವಿಯಾಗಬಲ್ಲ.

ಮನಸ್ಸಿನಲ್ಲಿ ವಸ್ತುವನ್ನು ತಿರುಗಿಸುವ ಶಕ್ತಿ

ಮೊದಲು ಬೇಕಾದದ್ದು ಕಲ್ಪನಾಶಕ್ತಿ. ಒಂದೇ ವಸ್ತು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಹೇಗೆ ಕಾಣುತ್ತದೆ ಎಂಬುದನ್ನು ಮನಸ್ಸಿನಲ್ಲೇ ಗ್ರಹಿಸಬೇಕು. ಭಾರತದಲ್ಲಿ ರೂಢಿಯಲ್ಲಿರುವ ‘ಫಸ್ಟ್ ಆ್ಯಂಗಲ್’ ಪದ್ಧತಿಯಲ್ಲಿ ಮೇಲಿನ ನೋಟವನ್ನು ಮುಂಭಾಗದ ನೋಟದ ಕೆಳಗೆ ಬರೆಯುತ್ತಾರೆ. ಅಮೆರಿಕದ ‘ಥರ್ಡ್ ಆ್ಯಂಗಲ್’ ಪದ್ಧತಿಯಲ್ಲಿ ಅದು ಮೇಲೆ ಬರುತ್ತದೆ. ಬೆಳಗಾವಿಯ ಫೌಂಡ್ರಿಗಳಂಥ ಕಡೆ ವಿದೇಶಿ ನಕ್ಷೆ ಕೈಗೆ ಬಂದಾಗ ಈ ವ್ಯತ್ಯಾಸ ಗುರುತಿಸದಿದ್ದರೆ ಬಿಡಿಭಾಗ ತಿರುಗುಮುರುಗಾಗಿ ತಯಾರಾಗುವ ಅಪಾಯವಿದೆ.

ಲೆಕ್ಕದಲ್ಲಿ ಕರಾರುವಾಕ್ಕುತನ

ಉನ್ನತ ಗಣಿತ ಬೇಕಿಲ್ಲ. ಭಿನ್ನರಾಶಿ, ಅನುಪಾತ, ರೇಖಾಗಣಿತ, ಪ್ರಾಥಮಿಕ ತ್ರಿಕೋನಮಿತಿ ಗಟ್ಟಿಯಾಗಿರಬೇಕು. ನಮ್ಮ ಕಡೆ ನಿವೇಶನದ ಮಾತು ಅಡಿಗಳಲ್ಲಿ, ಜಮೀನಿನ ಮಾತು ಗುಂಟೆಗಳಲ್ಲಿ. ನಕ್ಷೆಯ ಮಾತು ಮೀಟರ್, ಮಿಲಿಮೀಟರ್‌ಗಳಲ್ಲಿ. ಒಂದು ಅಡಿ ಎಂದರೆ 304.8 ಮಿ.ಮೀ. ಅದನ್ನು ‘ಸುಮಾರು 300’ ಎಂದು ಹಿಡಿದರೆ 40 ಅಡಿಯ ಗೋಡೆಯಲ್ಲಿ 192 ಮಿ.ಮೀ., ಅಂದರೆ ಏಳೂವರೆ ಅಂಗುಲ ಕಾಣೆಯಾಗುತ್ತದೆ. ನಕ್ಷೆಯಲ್ಲಿ ರಬ್ಬರಿನಿಂದ ಅಳಿಸಬಹುದಾದ ತಪ್ಪು, ಕಟ್ಟಡದಲ್ಲಿ ಗೋಡೆ ಒಡೆದು ಸರಿಪಡಿಸಬೇಕಾದ ತಪ್ಪಾಗುತ್ತದೆ. ಅದರ ಖರ್ಚು ಬೀಳುವುದು ಸಾಲ ಮಾಡಿ ಮನೆ ಕಟ್ಟಿಸುವವನ ಮೇಲೆ.

ತಾಳ್ಮೆ, ಭಾಷೆ, ಕಂಪ್ಯೂಟರ್

ಗಂಟೆಗಟ್ಟಲೆ ಒಂದೆಡೆ ಕುಳಿತು ಕೆಲಸ ಮಾಡುವ ತಾಳ್ಮೆ, ಮುಗಿದ ನಕ್ಷೆಯನ್ನು ಮರುಪರಿಶೀಲಿಸುವ ಅಭ್ಯಾಸ, ತಿದ್ದುಪಡಿಯನ್ನು ಬೇಸರವಿಲ್ಲದೆ ಸ್ವೀಕರಿಸುವ ಮನೋಭಾವ ಅಗತ್ಯ. ಕನ್ನಡ ಮಾಧ್ಯಮದವರು ಹಿಂಜರಿಯಬೇಕಿಲ್ಲ. ತಾಂತ್ರಿಕ ಇಂಗ್ಲಿಷ್ ಪದಗಳನ್ನು ಕಲಿಯುವ ಶ್ರದ್ಧೆ ಇದ್ದರೆ ಸಾಕು. ಇಂದು ನಕ್ಷೆಗಳು ಕಂಪ್ಯೂಟರಿನಲ್ಲೇ ಸಿದ್ಧವಾಗುತ್ತವೆ. ಆದರೆ 1982ರಲ್ಲಿ ಬಂದ ಆಟೋಕ್ಯಾಡ್ ಆಗಲಿ, ಅದರ ನಂತರದ ತಂತ್ರಾಂಶಗಳಾಗಲಿ ಗೆರೆಯನ್ನು ನೇರವಾಗಿಸುತ್ತವೆಯೇ ಹೊರತು, ತಪ್ಪು ಅಳತೆ ಕೊಟ್ಟರೆ ಆ ತಪ್ಪನ್ನೇ ಅಂದವಾಗಿ ಬರೆದುಕೊಡುತ್ತವೆ.

ಪ್ರವೇಶ ಹೇಗೆ?

ಐಟಿಐಗಳಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಮತ್ತು ಮೆಕ್ಯಾನಿಕಲ್ ಎಂಬ ಎರಡು ವಿಭಾಗಗಳಿದ್ದು, ಅವಧಿ ತಲಾ ಎರಡು ವರ್ಷ. ವಿಜ್ಞಾನ, ಗಣಿತ ಓದಿ ಎಸ್ಸೆಸ್ಸೆಲ್ಸಿ ಉತ್ತೀರ್ಣರಾಗಿ, 14 ವರ್ಷ ತುಂಬಿರಬೇಕು. ಸಿವಿಲ್‌ನಲ್ಲಿ ಕಟ್ಟಡ ನಕ್ಷೆ, ಭೂಮಾಪನ, ಅಂದಾಜುಪಟ್ಟಿ. ಮೆಕ್ಯಾನಿಕಲ್‌ನಲ್ಲಿ ಯಂತ್ರಭಾಗಗಳ ನಕ್ಷೆ, ವರ್ಕ್‌ಶಾಪ್ ಕೆಲಸ ಕಲಿಸಲಾಗುತ್ತದೆ. ಹೆಸರಿನಲ್ಲಿ ‘ಮನ್’ ಇದ್ದರೂ ಹುಡುಗಿಯರಿಗೂ ಪ್ರವೇಶ ಮುಕ್ತ. ನಿಯಮಗಳಿಗೆ ಒಳಪಟ್ಟು ಮುಂದೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಲೂ ಅವಕಾಶವಿದೆ. ಎಲ್ಲ ಐಟಿಐಗಳಲ್ಲೂ ಈ ವಿಭಾಗಗಳು ಇರುವುದಿಲ್ಲವಾದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ವಿದ್ಯಾರ್ಥಿಗಳು ಅರ್ಜಿ ಹಾಕುವ ಮೊದಲು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಪ್ರವೇಶ ಪಟ್ಟಿಯನ್ನು ನೋಡಿಕೊಳ್ಳುವುದು ಒಳಿತು.

ಮನೆಯಲ್ಲೇ ಪರೀಕ್ಷೆ

ಅರ್ಜಿಗೆ ಮುನ್ನ ಒಂದು ಸರಳ ಪರೀಕ್ಷೆ ಮಾಡಿಕೊಳ್ಳಬಹುದು. ಮನೆಯ ಮಣೆಯನ್ನೋ ಸ್ಟೂಲನ್ನೋ ಅಳೆದು, ಅದರ ಮೂರು ನೋಟಗಳನ್ನು ಅಳತೆ ಸಹಿತ ಬರೆಯಿರಿ. ವಸ್ತುವನ್ನು ತೋರಿಸದೆ ಆ ಹಾಳೆಯನ್ನು ಊರಿನ ಬಡಗಿಯ ಕೈಗಿಡಿ. ಒಂದೂ ಪ್ರಶ್ನೆ ಕೇಳದೆ ‘ಇದನ್ನು ಮಾಡಿಕೊಡಬಲ್ಲೆ’ ಎಂದು ಆತ ಹೇಳಿದರೆ, ಈ ವೃತ್ತಿಯ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆಯೇ.